ಶನಿವಾರ ಸಂಜೆಯ ಎರಡು ಗಂಟೆ: ಪರವೂರಿನಲ್ಲಿ ಮಕ್ಕಳನ್ನ ಸ್ಕೌಟ್ಸ್‌ಗೆ ಸೇರಿಸೋದು ಹೇಗೆ?

ಪುಣೆಯಲ್ಲಿ ನಮ್ಮ ಕನ್ನಡದವರು ಎಲ್ಲಿ ಸೇರಿದರೂ, ಗಣೇಶ ಹಬ್ಬ ಇರಲಿ, ರಾಜ್ಯೋತ್ಸವ ಇರಲಿ, ಇತ್ತೀಚೆಗೆ ನನಗೆ ಒಂದೇ ಪ್ರಶ್ನೆ ಬರುತ್ತೆ: "ನಿಮ್ಮ ಮಕ್ಕಳು ಸ್ಕೌಟ್ಸ್‌ಗೆ ಹೋಗ್ತಾರಂತಲ್ಲ, ಎಲ್ಲಿದೆ ಅದು, ಫೀಸ್ ಎಷ್ಟು?" ನಿಂತಲ್ಲೇ ಎರಡು ಮಾತಲ್ಲಿ ಹೇಳಿ ಮುಗಿಸೋ ಉತ್ತರ ಅಲ್ಲ ಇದು. ಅದಕ್ಕೇ ಈ ವಾರದ ಮಾತು ಇದರ ಬಗ್ಗೆ. ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತಿಲ್ಲದವರು ಇಲ್ಲೇ ಓದಿಕೊಳ್ಳಬಹುದು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಸ್ಕೌಟಿಂಗ್ ಒಂದು ಕ್ಲಾಸ್ ಅಲ್ಲ. ಅಬ್ಯಾಕಸ್, ಕರಾಟೆ, ಕೀಬೋರ್ಡ್ ಹಾಗೆ ಫೀಸ್ ಕಟ್ಟಿ, ಗೇಟ್ ಹತ್ತಿರ ಇಳಿಸಿ, ಒಂದು ಗಂಟೆ ಆದಮೇಲೆ ಕರ್ಕೊಂಡು ಬರೋ ಥರದ್ದಲ್ಲ. ಅದೊಂದು ಗುಂಪು. ಅದರೊಳಗೆ ನಮ್ಮ ಮಗುವಿಗೆ ಒಂದು ಜಾಗ ಇರುತ್ತೆ, ನಮಗೂ ಒಂದು ಕೆಲಸ ಇರುತ್ತೆ. ಊರು ಬಿಟ್ಟು ಬಂದಿರೋ ನಮ್ಮಂಥವರಿಗೆ ಅದರ ಬೆಲೆ ಇರೋದೇ ಅಲ್ಲಿ ಅಂತ ನನ್ನ ಅನುಭವ. ಯಾಕೆ ಅಂತ ಮುಂದೆ ಹೇಳ್ತೀನಿ.

ಇದು ಯಾವ ಸಂಸ್ಥೆ?

ನಮ್ಮಲ್ಲಿ ಬಹಳ ಜನ ಕರ್ನಾಟಕದ ಶಾಲೆಗಳಲ್ಲಿ ಓದುವಾಗ ಸ್ಕೌಟ್ಸ್ ನೋಡಿದವರೇ. ಆಗಸ್ಟ್ 15ಕ್ಕೆ ಸ್ಕಾರ್ಫ್ ಕಟ್ಟಿಕೊಂಡು ಮೆರವಣಿಗೆ, ಮೂರು ಬೆರಳಿನ ಸೆಲ್ಯೂಟ್, ಎಡಗೈ ಶೇಕ್‌ಹ್ಯಾಂಡ್. ನೆನಪು ಅಷ್ಟಕ್ಕೇ ನಿಂತಿರುತ್ತೆ.

ಸ್ವಲ್ಪ ಇತಿಹಾಸ. ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಒಂದು ಕ್ಯಾಂಪ್ ನಡೆಸಿದರು. ಮರುವರ್ಷ ಅವರ ಪುಸ್ತಕ ಬಂತು. ಅದಾಗಿ ಒಂದೇ ವರ್ಷಕ್ಕೆ, 1909ರಲ್ಲಿ, ಭಾರತದ ಮೊದಲ ಟ್ರೂಪ್ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ. ಶುರು ಮಾಡಿದವರು ಕ್ಯಾಪ್ಟನ್ ಟಿ.ಎಚ್. ಬೇಕರ್. ಅದರ ಬೆನ್ನಿಗೇ ಶುರುವಾದ ಟ್ರೂಪ್‌ಗಳಲ್ಲಿ ಇಲ್ಲಿಯ ಖಡಕಿಯದ್ದೂ ಒಂದು. ಬೆಂಗಳೂರಿಂದ ಪುಣೆಗೆ ಬಂದ ನಮಗೆ ಈ ಜೋಡಿ ಕೇಳೋಕೆ ಖುಷಿ ಅನ್ನಿಸಬಹುದು, ಆದರೆ ಆಗ ಅವುಗಳಲ್ಲಿ ಭಾರತೀಯ ಮಕ್ಕಳಿಗೆ ಪ್ರವೇಶ ಇರಲಿಲ್ಲ. ಅದಕ್ಕೇ ಆನಿ ಬೆಸೆಂಟ್, ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರೆಲ್ಲ ನಮ್ಮ ಮಕ್ಕಳಿಗಾಗಿ ಬೇರೆ ಸಂಘಗಳನ್ನೇ ಕಟ್ಟಿದರು. ಸ್ವಾತಂತ್ರ್ಯ ಬಂದಮೇಲೆ, 1950ರ ನವೆಂಬರ್ 7ರಂದು, ಸ್ಕೌಟ್ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಮರುವರ್ಷ ಗರ್ಲ್ ಗೈಡ್ಸ್ ಕೂಡ ಬಂದು ಸೇರಿತು.

ಇದನ್ನ ಹೇಳೋಕೆ ಒಂದು ಕಾರಣ ಇದೆ. ಇದೇ ಥರದ ಹೆಸರಿಟ್ಟುಕೊಂಡ ಬೇರೆ ಸಂಸ್ಥೆಗಳೂ ದೇಶದಲ್ಲಿವೆ. ಸ್ಕೌಟ್‌ಗಳ ಜಾಗತಿಕ ಸಂಘಟನೆ, ಗೈಡ್‌ಗಳ ಜಾಗತಿಕ ಸಂಘಟನೆ, ಎರಡರಲ್ಲೂ ಭಾರತದಿಂದ ಸದಸ್ಯತ್ವ ಇರೋದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ಗೆ. ಹಾಗಾಗಿ ಯಾರಾದರೂ "ಸ್ಕೌಟ್ ಕ್ಯಾಂಪ್" ಅಂತ ಕರೆದರೆ, ಯಾವ ಸಂಸ್ಥೆಯ ನೋಂದಣಿ ಅಂತ ಮೊದಲು ಕೇಳಿ. ಸಾಹಸ ಶಿಬಿರ ನಡೆಸೋ ಕಂಪನಿಗಳೂ ಈ ಹೆಸರು ಬಳಸೋದುಂಟು.

ಯಾವ ವಯಸ್ಸಿಗೆ ಏನು?

3ರಿಂದ 5 ವರ್ಷದ ಪುಟಾಣಿಗಳಿಗೆ ಬನ್ನಿ. ಆಮೇಲೆ 10ರವರೆಗೆ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್. ಕಬ್ ಮಕ್ಕಳ ಆಟವೆಲ್ಲ ಜಂಗಲ್ ಬುಕ್ ಕಥೆಯ ಮೇಲೆ ನಡೆಯುತ್ತೆ. 10ರಿಂದ 17 ಸ್ಕೌಟ್ ಮತ್ತು ಗೈಡ್. 15ರಿಂದ 25 ರೋವರ್ ಮತ್ತು ರೇಂಜರ್.

ಕೊನೆಯದನ್ನ ಕೆಲಸಕ್ಕೆ ಹೊಸದಾಗಿ ಸೇರಿ ಪಿಜಿಯಲ್ಲಿರೋ ಹುಡುಗರು, ಹುಡುಗಿಯರು ಗಮನಿಸಿ. ನಿಮಗೆ 22, 23 ಆಗಿದ್ದರೆ ನೀವಿನ್ನೂ ರೋವರ್ ಅಥವಾ ರೇಂಜರ್ ಆಗಬಹುದು. ವೀಕೆಂಡಲ್ಲಿ ಏನು ಮಾಡೋದು ಅಂತ ಗೊತ್ತಾಗ್ತಿಲ್ಲ ಅನ್ನೋರಿಗೆ ಇದಕ್ಕಿಂತ ಒಳ್ಳೆ ದಾರಿ ನನಗಂತೂ ಕಂಡಿಲ್ಲ.

ಎಲ್ಲಿ ಹುಡುಕೋದು?

ಮೂರು ದಾರಿ ಇವೆ. ಮೊದಲನೆಯದು ಮಗುವಿನ ಶಾಲೆ. ಶಾಲೆಯಲ್ಲೇ ಯೂನಿಟ್ ಇದ್ದರೆ ಅಲ್ಲೇ ಸೇರಿಸಿ, ಓಡಾಟ ಉಳಿಯುತ್ತೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಇದು ಚೆನ್ನಾಗಿ ಬೇರೂರಿದೆ. ಆ ಸಂಘಟನೆಗೆ ಸ್ಕೌಟ್ಸ್ ಒಳಗೆ ಒಂದು ರಾಜ್ಯದ ಸ್ಥಾನವೇ ಇದೆ.

ಎರಡನೆಯದು ರೈಲ್ವೆ. ರೈಲ್ವೆ ವಲಯಗಳಿಗೂ ತಮ್ಮದೇ ಸ್ಕೌಟ್ ವ್ಯವಸ್ಥೆ ಇದೆ. ನೀವು ರೈಲ್ವೆ ಕಾಲನಿ ಹತ್ತಿರ ಇದ್ದರೆ ಹೋಗಿ ವಿಚಾರಿಸಿ.

ಮೂರನೆಯದು ಓಪನ್ ಗ್ರೂಪ್. ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾಗೋದು ಇದೇ. ಇದು ಯಾವ ಶಾಲೆಗೂ ಸೇರಿದ್ದಲ್ಲ. ಒಂದು ಮೈದಾನ, ಒಂದು ಸಮುದಾಯ ಭವನ, ಕೆಲವು ಸಲ ಯಾರದೋ ಸೊಸೈಟಿಯ ಪಾರ್ಕಿಂಗ್ ಜಾಗದಲ್ಲೇ ನಡೆಯುತ್ತೆ. ಬೇರೆ ಬೇರೆ ಶಾಲೆಯ ಮಕ್ಕಳು ಬರ್ತಾರೆ. ಬೋರ್ಡ್ ಹಾಕ್ಕೊಂಡು ಕೂತಿರಲ್ಲ, ಹಾಗಾಗಿ ಗೂಗಲ್ ಮ್ಯಾಪಲ್ಲಿ ಸಿಗೋದು ಅಪರೂಪ. ಜಿಲ್ಲಾ ಸ್ಕೌಟ್ ಕಚೇರಿಗೆ ಹೋಗಿ ಅಥವಾ ಫೋನ್ ಮಾಡಿ. ಅಲ್ಲಿ ಜಿಲ್ಲಾ ಸಂಘಟನಾ ಆಯುಕ್ತರು ಅಂತ ಒಬ್ಬರು ಇರ್ತಾರೆ. "ನಮ್ಮ ಏರಿಯಾ ಇದು, ಹತ್ತಿರ ಯಾವ ಓಪನ್ ಗ್ರೂಪ್ ನಡೀತಿದೆ?" ಅಂತ ಕೇಳಿ. "ಇದೆಯಾ" ಅಂತ ಕೇಳೋದಕ್ಕಿಂತ "ನಡೀತಿದೆಯಾ" ಅಂತ ಕೇಳೋದು ಒಳ್ಳೇದು. ಕಾಗದದ ಮೇಲೆ ಇದ್ದು ಮೈದಾನದಲ್ಲಿ ಇಲ್ಲದ ಗ್ರೂಪ್‌ಗಳೂ ಇರಬಹುದು.

ಸಿಕ್ಕಿದ ಮೇಲೆ ಸೇರಿಸೋಕೆ ಮುಂಚೆ ಒಂದೆರಡು ಮೀಟಿಂಗ್ ನೋಡಿ. ಯಾವ ಒಳ್ಳೆ ಲೀಡರ್ ಕೂಡ ಇದಕ್ಕೆ ಬೇಡ ಅನ್ನಲ್ಲ.

ಆ ಎರಡು ಗಂಟೆಯಲ್ಲಿ ಏನಾಗುತ್ತೆ?

ನಮ್ಮ ಗ್ರೂಪ್ ಶನಿವಾರ ಸಂಜೆ ಸೇರುತ್ತೆ. ಮಕ್ಕಳು ಕುದುರೆ ಲಾಳದ ಆಕಾರದಲ್ಲಿ ನಿಲ್ತಾರೆ. ಧ್ವಜ ಏರುತ್ತೆ, ಪ್ರಾರ್ಥನೆ ಆಗುತ್ತೆ. ಈ ಪ್ರಾರ್ಥನೆ ಹಿಂದಿಯಲ್ಲಿದೆ, ದೇಶಕ್ಕೆಲ್ಲ ಒಂದೇ. ಸಾಗರದಲ್ಲೋ ಗದಗದಲ್ಲೋ ನೀವು ಹೇಳಿದ್ದನ್ನೇ ಇಲ್ಲಿ ನಿಮ್ಮ ಮಗು ಹೇಳುತ್ತೆ. ಆಮೇಲೆ ಉಗುರು, ಶೂ, ಸ್ಕಾರ್ಫ್ ನೋಡ್ತಾರೆ. ಒಂದು ಓಡೋ ಆಟ. ಆಮೇಲೆ ಪ್ರತಿ ಪೆಟ್ರೋಲ್ ತನ್ನ ಮೂಲೆಗೆ ಹೋಗುತ್ತೆ.

ಈ ಪೆಟ್ರೋಲ್ ಅನ್ನೋದೇ ಇಡೀ ಸ್ಕೌಟಿಂಗ್‌ನ ಜೀವ. ಆರರಿಂದ ಎಂಟು ಮಕ್ಕಳ ತಂಡ. ಸ್ಕೌಟ್‌ಗಳ ತಂಡಕ್ಕೆ ಸಾಮಾನ್ಯವಾಗಿ ಪ್ರಾಣಿ, ಪಕ್ಷಿಯ ಹೆಸರು, ಗೈಡ್‌ಗಳ ತಂಡಕ್ಕೆ ಹೂವಿನ ಹೆಸರು. ಇದರ ನಾಯಕ ಒಬ್ಬ ಹುಡುಗನೇ, ಒಬ್ಬ ಹುಡುಗಿಯೇ. ದೊಡ್ಡವರಲ್ಲ. 14 ವರ್ಷದ ಪೆಟ್ರೋಲ್ ಲೀಡರ್ 11 ವರ್ಷದವನಿಗೆ ಗಂಟು ಹಾಕೋದು ಕಲಿಸ್ತಾನೆ. ಸ್ಕೌಟ್ ಮಾಸ್ಟರ್ ದೂರದಲ್ಲಿ ನಿಂತು ನೋಡ್ತಾರೆ, ಕೇಳಿದರೆ ಮಾತ್ರ ಹತ್ತಿರ ಬರ್ತಾರೆ. ಮುಂದಿನ ಹೈಕ್ ಎಲ್ಲಿಗೆ, ಯಾರು ಏನು ತರಬೇಕು, ಶಿಸ್ತು ಮುರಿದವರನ್ನ ಏನು ಮಾಡೋದು, ಇದನ್ನೆಲ್ಲ ಪೆಟ್ರೋಲ್ ಲೀಡರ್‌ಗಳ ಸಭೆಯಲ್ಲಿ ತೀರ್ಮಾನ ಮಾಡ್ತಾರೆ. ಅದಕ್ಕೆ ಕೋರ್ಟ್ ಆಫ್ ಆನರ್ ಅಂತ ಹೆಸರು.

ನಮ್ಮ ಮಕ್ಕಳ ಬದುಕು ನೋಡಿ. ಶಾಲೆಯಲ್ಲಿ ಟೀಚರ್, ಕ್ಲಾಸಲ್ಲಿ ಕೋಚ್, ಮನೆಯಲ್ಲಿ ನಾವು. ಎಲ್ಲ ಕಡೆ ಹೇಳೋರು ದೊಡ್ಡವರೇ. ತನಗಿಂತ ಮೂರು ವರ್ಷ ದೊಡ್ಡವನ ಮಾತು ಕೇಳಿ ನಡೆಯೋದು, ಆಮೇಲೆ ತನಗಿಂತ ಮೂರು ವರ್ಷ ಚಿಕ್ಕವನ ಜವಾಬ್ದಾರಿ ಹೊರೋದು, ಇದು ನಮಗೆ ಊರಲ್ಲಿ ಬೀದಿಯಲ್ಲೇ ಸಿಗ್ತಿತ್ತು. ಅಣ್ಣ, ಅಕ್ಕ ಅಂತ ಕರೆಯೋ ಐದಾರು ಜನ ಓಣಿಯಲ್ಲೇ ಇರ್ತಿದ್ರು. ಅಪಾರ್ಟ್‌ಮೆಂಟಲ್ಲಿ ಅದು ಎಲ್ಲಿದೆ?

ಕಲಿಯೋದು ಏನು ಅಂದರೆ, ನೋಡೋಕೆ ಸಣ್ಣ ಸಣ್ಣ ವಿಷಯಗಳು. ರೀಫ್ ಗಂಟು ಚಪ್ಪಟೆಯಾಗಿ ಕೂರುತ್ತೆ, ಬಿಚ್ಚೋದೂ ಸುಲಭ, ಅದಕ್ಕೇ ಗಾಯದ ಪಟ್ಟಿಗೆ ಅದನ್ನ ಹಾಕೋದು. ಬೋಲೈನ್ ಹಾಕಿದ ಕುಣಿಕೆ ಎಳೆದರೂ ಬಿಗಿಯಾಗಲ್ಲ, ಹಾಗಾಗಿ ಮನುಷ್ಯನ ಸೊಂಟಕ್ಕೆ ಕಟ್ಟಬಹುದು. ಕೋಲಿಗೆ ಕೋಲು ಬಿಗಿಯೋಕೆ ಶುರು ಮಾಡೋದು ಕ್ಲೋವ್ ಹಿಚ್‌ನಿಂದ. ಮೂರು ಕೋಲು, ಒಂದು ಹಗ್ಗ ಇದ್ದರೆ ಕೈ ತೊಳೆಯೋ ಬೇಸಿನ್ ಇಡೋಕೆ ಮುಕ್ಕಾಲಿ ತಯಾರು. ಕತ್ತಿನ ಸ್ಕಾರ್ಫ್ ಬಿಚ್ಚಿದರೆ ಮುರಿದ ಕೈಗೆ ಜೋಲಿ. ಮರದ ನೆರಳು, ಕೋಲಿನ ನೆರಳು ಎರಡನ್ನೂ ಅಳೆದು ಮರದ ಎತ್ತರ ಲೆಕ್ಕ ಹಾಕ್ತಾರೆ. ಪಠ್ಯಪುಸ್ತಕದ ಅನುಪಾತ ಅನ್ನೋದು ನನ್ನ ಮಗಳಿಗೆ ನಿಜವಾಗಿ ತಲೆಗೆ ಹೋದದ್ದು ಒಂದು ಬೇವಿನ ಮರದ ಕೆಳಗೆ.

ಒಂದು ಆಟ ಇದೆ, ಕಿಮ್ಸ್ ಗೇಮ್. ಕಿಪ್ಲಿಂಗ್ ಬರೆದ ಕಿಮ್ ಕಾದಂಬರಿಯಿಂದ ಬಂದದ್ದು. ಒಂದು ತಟ್ಟೆಯಲ್ಲಿ ಇಪ್ಪತ್ತು ಚಿಲ್ಲರೆ ವಸ್ತು ಇಟ್ಟು ಒಂದು ನಿಮಿಷ ತೋರಿಸಿ ಬಟ್ಟೆ ಮುಚ್ಚಿಬಿಡ್ತಾರೆ. ಏನೇನಿತ್ತು ಬರೀಬೇಕು. ಮನೆಯಲ್ಲಿ ಆಡಿ ನೋಡಿ. ಇಡೀ ದಿನ ಸ್ಕ್ರೀನ್ ನೋಡೋ ನಮಗಿಂತ ಮಕ್ಕಳೇ ಮೇಲು ಅಂತ ಗೊತ್ತಾಗುತ್ತೆ.

ಭಾಷೆಯ ವಿಷಯ

ಇದು ನನಗೆ ಬಹಳ ಮುಖ್ಯ ಅನ್ನಿಸೋ ವಿಷಯ. ನಮ್ಮ ಮಕ್ಕಳು ಪುಣೆಯಲ್ಲಿ ಹುಟ್ಟಿ ಬೆಳೆದರೂ ಮರಾಠಿ ಅನ್ನೋದು ಅವರಿಗೆ ಪರೀಕ್ಷೆಯ ಒಂದು ಪೇಪರ್ ಆಗಿರುತ್ತೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಸೊಸೈಟಿಯಲ್ಲಿ ಹಿಂದಿ. ಚೆನ್ನೈ, ಹೈದರಾಬಾದಲ್ಲಿ ಇರೋರಿಗೂ ತಮಿಳು, ತೆಲುಗಿನ ಕಥೆ ಇದೇ ಇರಬೇಕು.

ಪೆಟ್ರೋಲಲ್ಲಿ ಹಾಗೆ ನಡೆಯಲ್ಲ. ಟೆಂಟಿನ ಆಚೆ ತುದಿ ಹಿಡಿದಿರೋ ಹುಡುಗ ಮರಾಠಿಯಲ್ಲಿ ಕೂಗ್ತಾನೆ, ಅರ್ಥ ಆಗದಿದ್ದರೆ ಟೆಂಟ್ ತಲೆ ಮೇಲೆ ಬೀಳುತ್ತೆ. ನನ್ನ ಮಗ ಒಂದು ದಿನ ಬಂದು ಹೇಳಿದ, "ಅಪ್ಪಾ, ಗಂಟಿಗೆ ಇವ್ರು ಗಾಠ್ ಅಂತಾರೆ, ನಮ್ದೇ ಥರ ಇದೆ ಅಲ್ವಾ?" ಯಾವ ಟ್ಯೂಷನ್ನೂ ಅವನಿಗೆ ಈ ಕುತೂಹಲ ಕೊಟ್ಟಿರಲಿಲ್ಲ. ಅವನ ಪೆಟ್ರೋಲಲ್ಲಿ ರಿಕ್ಷಾ ಓಡಿಸೋರ ಮಗ ಇದ್ದಾನೆ, ಡಾಕ್ಟರ್ ಮಗ ಇದ್ದಾನೆ, ಮುನಿಸಿಪಲ್ ಶಾಲೆಯವನೂ ಇದ್ದಾನೆ. ಹೈಕ್‌ನಲ್ಲಿ ಖಿಚಡಿ ತಳ ಹಿಡಿದರೆ ಎಲ್ಲರಿಗೂ ಅದೇ ಊಟ.

ಹತ್ತು ವರ್ಷ ಒಂದು ಊರಲ್ಲಿದ್ದೂ ಆ ಊರಿನ ಒಂದು ಮನೆಯ ಒಳಗೆ ಹೋಗದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ನಮಗೆ ಅದು ನಡೆದುಹೋಯಿತು ಅನ್ನಿ. ಆದರೆ ಮಕ್ಕಳಿಗೆ ಬೆಳೆದ ಊರೇ ಊರು. ಅವರಿಗೆ ಶಿವಮೊಗ್ಗ ಅಜ್ಜಿ ಊರು ಅಷ್ಟೇ. ಇರೋ ಊರಲ್ಲೂ ಹೊರಗಿನವರಾಗಿ ಬೆಳೆದರೆ ಅವರು ಯಾವ ಊರಿನವರು?

ಬ್ಯಾಡ್ಜ್, ಸರ್ಟಿಫಿಕೇಟ್

ಮೆಟ್ಟಿಲುಗಳು ಹೀಗಿವೆ: ಪ್ರವೇಶ್, ಪ್ರಥಮ ಸೋಪಾನ್, ದ್ವಿತೀಯ ಸೋಪಾನ್, ತೃತೀಯ ಸೋಪಾನ್, ರಾಜ್ಯ ಪುರಸ್ಕಾರ್, ಕೊನೆಗೆ ರಾಷ್ಟ್ರಪತಿ. ಕಬ್, ಬುಲ್‌ಬುಲ್ ಮಕ್ಕಳಿಗೆ ಅತಿ ದೊಡ್ಡದು ಗೋಲ್ಡನ್ ಆರೋ. ಮೆಟ್ಟಿಲಿಂದ ಮೆಟ್ಟಿಲಿಗೆ ಕನಿಷ್ಠ ಇಷ್ಟು ತಿಂಗಳು ಕೆಲಸ ಮಾಡಿರಬೇಕು ಅಂತ ನಿಯಮ ಇದೆ. ಹಾಗಾಗಿ 10, 11ಕ್ಕೆ ಸೇರಿದರೆ ಆರಾಮ. ಒಂಬತ್ತನೇ ಕ್ಲಾಸಿಗೆ ಬಂದು "ರಾಷ್ಟ್ರಪತಿ ಆಗುತ್ತಾ?" ಅಂತ ಕೇಳಿದರೆ ಕಷ್ಟ.

ಉಪಯೋಗ ಏನು ಅಂತ ಕೇಳೋರಿಗೆ: ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸ್ ಕೋಟಾ ಇದೆ. ಆದರೆ ಸರ್ಟಿಫಿಕೇಟ್‌ಗಾಗಿಯೇ ಕಳಿಸಿದರೆ ಮಗುವಿಗೆ ಅದು ಮೂರೇ ತಿಂಗಳಲ್ಲಿ ಗೊತ್ತಾಗುತ್ತೆ, ಆರನೇ ತಿಂಗಳಿಗೆ ಬಿಟ್ಟುಬಿಡುತ್ತೆ.

ದೇವರ ವಿಷಯ ಕೆಲವರು ಕೇಳ್ತಾರೆ. ಪ್ರತಿಜ್ಞೆಯಲ್ಲಿ ದೇವರ ಹೆಸರು ಬರುತ್ತೆ. ಬೇಕಾದವರು ಅದರ ಬದಲು ಧರ್ಮ ಅನ್ನೋ ಪದ ಹೇಳಬಹುದು. ಕ್ಯಾಂಪ್‌ಗಳಲ್ಲಿ ಸರ್ವಧರ್ಮ ಪ್ರಾರ್ಥನೆ ನಡೆಯುತ್ತೆ.

ಖರ್ಚು ಮತ್ತು ಸುರಕ್ಷತೆ

ಖರ್ಚು ಬೇರೆ ಕ್ಲಾಸ್‌ಗಳಿಗೆ ಹೋಲಿಸಿದರೆ ಕಡಿಮೆ. ವರ್ಷದ ನೋಂದಣಿ ಶುಲ್ಕ ಸಣ್ಣದು. ಯೂನಿಫಾರ್ಮ್, ಕ್ಯಾಂಪಿನ ಊಟ, ಪ್ರಯಾಣ, ಇವೇ ಮುಖ್ಯ. ಯೂನಿಫಾರ್ಮ್ ಮೊದಲ ದಿನವೇ ಹೊಲಿಸಬೇಡಿ. ಮಗು ಕೆಲವು ಮೀಟಿಂಗ್ ಬರಲಿ, ಇಷ್ಟ ಆಗಲಿ, ದೀಕ್ಷೆ ಹತ್ತಿರ ಬಂದಾಗ ಹೊಲಿಸಿದರೆ ಸಾಕು. ಚಿಕ್ಕದಾದ ಯೂನಿಫಾರ್ಮನ್ನ ಗ್ರೂಪಿಗೇ ಕೊಟ್ಟುಬಿಡಿ, ಇನ್ನೊಬ್ಬರಿಗೆ ಆಗುತ್ತೆ.

ಸುರಕ್ಷತೆ ಬಗ್ಗೆ ಕೇಳೋಕೆ ಸಂಕೋಚ ಬೇಡ. ಲೀಡರ್ ತರಬೇತಿ ಪಡೆದವರಾ? ಮೀಟಿಂಗಲ್ಲಿ, ಕ್ಯಾಂಪಲ್ಲಿ ದೊಡ್ಡವರು ಒಬ್ಬರಿಗಿಂತ ಹೆಚ್ಚು ಇರ್ತಾರಾ? ಹುಡುಗಿಯರ ಜೊತೆ ಮಹಿಳಾ ಲೀಡರ್ ಇರ್ತಾರಾ? ಕ್ಯಾಂಪಿಗೆ ಪೋಷಕರ ಲಿಖಿತ ಒಪ್ಪಿಗೆ ತಗೋತಾರಾ? ಹತ್ತಿರದ ಆಸ್ಪತ್ರೆ ಯಾವುದು ಅಂತ ಮೊದಲೇ ನೋಡಿಟ್ಟಿದ್ದಾರಾ? ನೀರಿನ ಹತ್ತಿರ ಹೋಗ್ತಾರೆ ಅಂದರೆ ಈಜು ಬಲ್ಲ ದೊಡ್ಡವರು ಯಾರು? ಇವಕ್ಕೆ ನೇರ ಉತ್ತರ ಬರಬೇಕು. "ಏನೂ ಆಗಲ್ಲ ಬಿಡಿ ಸರ್" ಅನ್ನೋದು ಉತ್ತರ ಅಲ್ಲ.

ಮಗುವಿಗೆ ಆಸ್ತಮಾ, ಅಲರ್ಜಿ, ರಾತ್ರಿ ಹೆದರಿಕೆ, ಏನೇ ಇದ್ದರೂ ಲೀಡರ್‌ಗೆ ಹೇಳಿ. ಮುಚ್ಚಿಟ್ಟು ಕಳಿಸೋದು ಮಗುವಿಗೂ ಕಷ್ಟ, ಅವರಿಗೂ ಕಷ್ಟ.

ನಮ್ಮ ಕೆಲಸ

ಈಗ ಶುರುವಿನಲ್ಲಿ ಹೇಳಿದ ಮಾತಿಗೆ ಬರ್ತೀನಿ. ಈ ಗ್ರೂಪ್‌ಗಳನ್ನ ನಡೆಸೋರು ಸಂಬಳ ತಗೊಳ್ಳೋರಲ್ಲ. ಬ್ಯಾಂಕ್ ಕೆಲಸದವರು, ಟೀಚರ್‌ಗಳು, ನಿವೃತ್ತರು, ಶನಿವಾರ ಸಂಜೆ ಬಿಟ್ಟು ಬರೋರು. ಅವರು ನಿಂತರೆ ಗ್ರೂಪ್ ನಿಲ್ಲುತ್ತೆ. ಹೊಸ ಏರಿಯಾಗಳಲ್ಲಿ, ಅಂದರೆ ನಾವೆಲ್ಲ ಮನೆ ಮಾಡಿರೋ ಕಡೆಗಳಲ್ಲಿ, ಗ್ರೂಪ್ ಸಿಗದೇ ಇರೋದಕ್ಕೆ ಮಕ್ಕಳಿಲ್ಲ ಅನ್ನೋದು ಕಾರಣ ಅಲ್ಲ. ದೊಡ್ಡವರಿಲ್ಲ.

ನಮ್ಮಲ್ಲಿ ಗೈಡ್ ಕ್ಯಾಪ್ಟನ್ ಆಗಿದ್ದ ತಾಯಿ ನಾಗಪುರಕ್ಕೆ ಹೋಗಬೇಕಾಯಿತು. ಹನ್ನೊಂದು ಹುಡುಗಿಯರು. ಮಹಿಳಾ ಲೀಡರ್ ಇಲ್ಲದೆ ಗೈಡ್ ಕಂಪನಿ ನಡೆಸೋ ಹಾಗಿಲ್ಲ. ಎರಡು ತಿಂಗಳು ಹೀಗೇ ಹೋಯಿತು, ನಾಲ್ಕು ಮಕ್ಕಳು ಬರೋದು ಬಿಟ್ಟರು. ಒಂದು ದಿನ ಪೋಷಕರ ಸಭೆ. "ಯಾರಾದರೂ ಬರ್ತೀರಾ?" ಅಂದಾಗ ಎಲ್ಲರೂ ಫೋನ್ ನೋಡೋರೇ. ಕೊನೆಗೆ ಹುಬ್ಬಳ್ಳಿ ಕಡೆಯ ಒಬ್ಬರು, ಐಟಿಯಲ್ಲಿ ಟೆಸ್ಟಿಂಗ್ ಮಾಡೋರು, ನನ್ನ ಪಕ್ಕದಲ್ಲೇ ಕೂತಿದ್ದವರು, ಮೆಲ್ಲಗೆ ಹೇಳಿದರು: "ನನಗ ಒಂದ್ ಗಂಟ್ ಸುದ್ದಾ ಹಾಕಾಕ ಬರಂಗಿಲ್ರೀ. ನಾ ಏನ್ ಕಲಸ್ಲಿ ಹುಡುಗ್ರಿಗೆ?" ನಮ್ಮ ಹಿರಿಯ ಸ್ಕೌಟ್ ಮಾಸ್ಟರ್, ಎಪ್ಪತ್ತು ದಾಟಿದ ಕಾಕಾ, ನಾನು ಅದನ್ನ ಹಿಂದಿಯಲ್ಲಿ ಹೇಳಿದ್ದು ಕೇಳಿ ನಕ್ಕರು. "ಗಂಟು ಹಾಕೋಕೆ ಹುಡುಗಿಯರಿಗೆ ಬರುತ್ತೆ. ನೀವು ಪ್ರತಿ ಶನಿವಾರ ಬನ್ನಿ, ಸಾಕು."

ಅವರು ಬಂದರು. ರಜೆ ಹಾಕಿ ಏಳು ದಿನದ ಬೇಸಿಕ್ ಕೋರ್ಸ್ ಮುಗಿಸಿದರು. ಅದಾದಮೇಲೆ ಅಡ್ವಾನ್ಸ್ಡ್ ಕೋರ್ಸ್ ಇದೆ, ಕೊನೆಗೆ ಹಿಮಾಲಯ ವುಡ್ ಬ್ಯಾಡ್ಜ್. ಆ ಮಟ್ಟದ ತರಬೇತಿಗೆ ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ರಾಷ್ಟ್ರೀಯ ಕೇಂದ್ರ ಇದೆ. ಬಿಟ್ಟುಹೋದ ನಾಲ್ವರಲ್ಲಿ ಮೂವರು ವಾಪಸ್ ಬಂದರು. ಈಗ ಆ ಹುಡುಗಿಯರು ಅವರನ್ನ ಮರಾಠಿಯಲ್ಲಿ ತಾಯಿ ಅಂತಾರೆ, ಅಂದರೆ ಅಕ್ಕ. ಶುರುವಲ್ಲಿ ನಮ್ಮವರಿಗೆ ಅದು "ಅಮ್ಮ" ಅಂತ ಕೇಳಿ ಕಸಿವಿಸಿ ಆಗಿತ್ತು.

ಎಲ್ಲರೂ ಲೀಡರ್ ಆಗಬೇಕಿಲ್ಲ. ಹೈಕ್ ದಿನ ಕಾರ್ ತನ್ನಿ. ಲೆಕ್ಕ ಬರೆದುಕೊಡಿ. ನೋಂದಣಿ ಆನ್‌ಲೈನ್ ಆಗಿದೆ, ವಯಸ್ಸಾದ ಲೀಡರ್‌ಗಳಿಗೆ ಅದು ತಲೆನೋವು, ನಮಗೆ ಅರ್ಧ ಗಂಟೆ ಕೆಲಸ. ಡಾಕ್ಟರ್ ಆಗಿದ್ದರೆ ಪ್ರಥಮ ಚಿಕಿತ್ಸೆ ಕಲಿಸಿ. ಸೊಸೈಟಿ ಕಮಿಟಿಯಲ್ಲಿ ಇದ್ದರೆ ಮಳೆಗಾಲಕ್ಕೆ ಕ್ಲಬ್ ಹೌಸ್ ಬಿಡಿಸಿಕೊಡಿ. ನಾನು ಮಾಡೋದು ಇಷ್ಟೇ: ಹಗ್ಗ, ಕೋಲು, ಟೆಂಟ್ ಎಣಿಸಿ ಇಡೋದು. ಆದರೆ ಪೆಟ್ರೋಲ್ ಮೂಲೆಗೆ ಹೋಗಿ ನಿಮ್ಮ ಮಗುವಿನ ಗಂಟು ಮಾತ್ರ ನೀವು ಹಾಕಿಕೊಡಬೇಡಿ. ಅದು ತಪ್ಪಲಿ, ಬಿಚ್ಚಲಿ, ಮತ್ತೆ ಹಾಕಲಿ.

ಊರು ಬದಲಾದರೆ?

ನಮಗೆ ಇದು ಇದ್ದದ್ದೇ. ಪ್ರಾಜೆಕ್ಟ್ ಮುಗೀತು, ಹೈದರಾಬಾದಿಗೆ ಹೊರಡಿ. ಮಗುವಿನ ಲಾಗ್ ಪುಸ್ತಕ, ಪ್ರಗತಿ ಕಾರ್ಡ್, ಪಾಸಾದ ಸೋಪಾನಗಳ ಸರ್ಟಿಫಿಕೇಟ್, ಸದಸ್ಯತ್ವ ಸಂಖ್ಯೆ, ಲೀಡರ್ ಕೊಟ್ಟ ಒಂದು ಪತ್ರ, ಇವಿಷ್ಟನ್ನ ಒಂದು ಫೈಲಲ್ಲಿ ಇಟ್ಟುಕೊಳ್ಳಿ. ಹೋದ ಊರಲ್ಲಿ ಅದೇ ಮೆಟ್ಟಿಲುಗಳು, ಅದೇ ಪ್ರಾರ್ಥನೆ, ಅದೇ ಎಡಗೈ ಶೇಕ್‌ಹ್ಯಾಂಡ್. ಹೊಸ ಶಾಲೆಯಲ್ಲಿ ಮೊದಲ ತಿಂಗಳು ಒಂಟಿಯಾಗಿರೋ ಮಗುವಿಗೆ ಶನಿವಾರ ಸಂಜೆ ಒಂದು ಪೆಟ್ರೋಲ್ ಕಾಯ್ತಿರುತ್ತೆ. ಶಾಲೆ ಬದಲಾಯಿಸಿದಾಗ ಇಷ್ಟು ಸುಲಭವಾಗಿ ಸೇರಿಕೊಳ್ಳೋಕೆ ಸಿಗೋ ಜಾಗ ಬೇರೆ ನನಗೆ ಗೊತ್ತಿಲ್ಲ.

ಹಾಗಾಗಿ ಈ ವಾರ ಇಷ್ಟು ಮಾಡಿ. ಮಗುವಿನ ಶಾಲೆಯಲ್ಲಿ ಯೂನಿಟ್ ಇದೆಯಾ ಕೇಳಿ. ಇಲ್ಲದಿದ್ದರೆ ಜಿಲ್ಲಾ ಕಚೇರಿಗೆ ಫೋನ್ ಮಾಡಿ. ಗ್ರೂಪ್ ಸಿಕ್ಕಿದರೆ ಶನಿವಾರ ಮಗುವನ್ನ ಕರ್ಕೊಂಡು ಹೋಗಿ, ಎರಡು ಗಂಟೆ ಅಲ್ಲೇ ಕೂತು ನೋಡಿ. ಫೀಸ್ ಎಷ್ಟು ಅಂತ ಕೇಳಿ, ತಪ್ಪಿಲ್ಲ. ಜೊತೆಗೆ "ನಾನೇನು ಮಾಡಬಹುದು?" ಅಂತಲೂ ಕೇಳಿ. ಎರಡನೇ ಪ್ರಶ್ನೆ ಕೇಳೋರಿಗಾಗಿಯೇ ಅವರು ಕಾಯ್ತಿರ್ತಾರೆ.

ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗೋಣ. ನಮಸ್ಕಾರ.